ಆರ್ಕೆಸ್ಟ್ರಾ ಬರೆದಿದ್ದೇನೆ, ಪ್ಲೇ ಮಾಡಿದರೆ ಜೀವವೇ ಇಲ್ಲ. ಏನು ಮಾಡಲಿ?

ಪ್ರಶ್ನೆ: ಭಾವಗೀತೆಯೊಂದಕ್ಕೆ ಮ್ಯೂಸ್‌ಸ್ಕೋರ್ 4 ಅನ್ನೋ ಸ್ವರಲಿಪಿ ಬರೆಯುವ ಸಾಫ್ಟ್‌ವೇರಿನಲ್ಲಿ ಫ್ಲೂಟ್, ಹಾರ್ನ್, ಟ್ರಂಪೆಟ್, ಸ್ಟ್ರಿಂಗ್ಸ್ ಬರೆದಿದ್ದೇನೆ. ಕೇಳಿದರೆ ಹಳೇ ಕೀಬೋರ್ಡಿನ ದನಿ. ದುಡ್ಡು ಕೊಟ್ಟು ಸೌಂಡ್ ಲೈಬ್ರರಿ (ವಾದ್ಯಗಳ ದನಿಗಳ ಸಂಗ್ರಹ) ತಗೊಳ್ಳಲೇಬೇಕಾ? ಅನುಭವ ಇದ್ದವರು ಹೇಳಿ.

ಉತ್ತರ: ಈಗಲೇ ಏನೂ ಕೊಳ್ಳಬೇಡಿ. ಇದೇ ಸಾಫ್ಟ್‌ವೇರಿಗೆ ಇರುವ ಮ್ಯೂಸ್ ಸೌಂಡ್ಸ್ ಲೈಬ್ರರಿ ಉಚಿತವಾಗಿ ಸಿಗುತ್ತೆ, ಇನ್ನೂ ಹಾಕಿಕೊಂಡಿಲ್ಲದಿದ್ದರೆ ಹಾಕಿಕೊಳ್ಳಿ. ನಾನು ಬಹಳ ದಿನ ಲೈಬ್ರರಿ ಬದಲಿಸುತ್ತಾ ಕೂತಿದ್ದೆ. ತೊಂದರೆ ಇದ್ದದ್ದು ಸ್ಕೋರಿನಲ್ಲೇ, ಅಂದರೆ ನಾನು ಬರೆದ ಸ್ವರಲಿಪಿಯಲ್ಲೇ.

ಪ್ರತಿ ಸಾಲನ್ನೂ ಬಾಯಲ್ಲಿ ಹಾಡಿ ನೋಡಿ. ಸ್ವರಗಳು ಎಲ್ಲಿ ಅಂಟಿಕೊಂಡು ಬರುತ್ತವೋ ಅಲ್ಲಿ ಸ್ಲರ್ (ಸ್ವರಗಳನ್ನು ಜೋಡಿಸುವ ಬಾಗಿದ ಗೆರೆ) ಹಾಕಿ. ಇಲ್ಲದಿದ್ದರೆ ಪಿಟೀಲಿನ ಒಂದೊಂದು ಸ್ವರಕ್ಕೂ ಕಮಾನು ಬದಲಾದ ಹಾಗೆ ಕೇಳುತ್ತೆ. ನಾಲ್ಕು ಬಾರ್ (ತಾಳದ ಆವರ್ತದಂಥ ಅಳತೆ) ಎಳೆಯುವ ಸ್ವರಕ್ಕೆ ಕ್ರೆಶೆಂಡೊ (ದನಿ ಏರುತ್ತಾ ಹೋಗುವುದು), ಡಿಮಿನುಯೆಂಡೊ (ಇಳಿಯುತ್ತಾ ಹೋಗುವುದು) ಬರೆಯಿರಿ. ಇಂಥ ಜೋರು-ಮೆಲ್ಲಗಿನ ಗುರುತು, ಅಂದರೆ ಡೈನಮಿಕ್ಸ್, ಬರೆಯದೆ ಬಿಟ್ಟರೆ ಸಾಫ್ಟ್‌ವೇರ್ ಎಲ್ಲವನ್ನೂ ಒಂದೇ ಮಟ್ಟದಲ್ಲಿ ನುಡಿಸುತ್ತೆ.

ಇನ್ನೊಂದು ಮಾತು, ನನಗೆ ತುಂಬ ತಡವಾಗಿ ಹೊಳೆದದ್ದು. ತಂಬೂರಿಯಲ್ಲಿ ನಾವು ಮೀಟುವುದು ಸ-ಪ ಮಾತ್ರ, ಗಾಂಧಾರ ಮೇಲೆ ತಾನಾಗಿ ಕೇಳಿಸುತ್ತೆ. ಕಾರ್ಡನ್ನೂ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಾಗೇ ಹರಡಿ: ತಗ್ಗು ದನಿಯ ಚೆಲ್ಲೊ, ಡಬಲ್ ಬೇಸ್‌ಗೆ ಆಕ್ಟೇವ್ (ಸ ಮತ್ತು ಮೇಲಿನ ಸ) ಅಥವಾ ಸ-ಪ ಕೊಡಿ, ಗಾಂಧಾರ ಅವಕ್ಕಿಂತ ಎತ್ತರದ ದನಿಯ ವಿಯೋಲಾಗೋ ಎರಡನೇ ಪಿಟೀಲಿಗೋ ಹೋಗಲಿ. ಮಂದ್ರದಲ್ಲಿ ಸ-ಗ ಒತ್ತೊತ್ತಾಗಿ ಕೂತರೆ ಎಷ್ಟು ದುಬಾರಿ ಲೈಬ್ರರಿ ಹಾಕಿದರೂ ಕಲಸಿಹೋಗುತ್ತೆ.

ಇನ್ನೊಬ್ಬರು: ಮೇಲಿನವರು ಹೇಳಿದ್ದೆಲ್ಲ ಸರಿ. ಪ್ರತಿ ವಾದ್ಯದ ದನಿಯನ್ನು ಸ್ಲೈಡರಿನಿಂದ ಏರಿಸಿ ಇಳಿಸುವ ಮಿಕ್ಸರನ್ನು ಮಾತ್ರ ಪೂರ್ತಿ ನಂಬಬೇಡಿ. ಅಲ್ಲಿ ಫ್ಲೂಟಿನ ಕೆಳಗಿನ ಆಕ್ಟೇವನ್ನು ಎಷ್ಟಾದರೂ ಏರಿಸಬಹುದು. ನಿಜವಾದ ವಾದ್ಯದಲ್ಲಿ ಅದು ಮೆಲುದನಿ, ಟ್ರಂಪೆಟ್ ಬಂದರೆ ಮುಳುಗಿಹೋಗುತ್ತೆ. ರಿಮ್‌ಸ್ಕಿ-ಕೊರ್ಸಕೊವ್ ಅನ್ನೋ ರಷ್ಯನ್ ಸಂಗೀತ ಸಂಯೋಜಕ ಕೊಟ್ಟ ಲೆಕ್ಕ ನನಗೆ ಇವತ್ತಿಗೂ ಆಸರೆ: ಜೋರಾಗಿ ನುಡಿಸುವಾಗ ಒಂದು ಟ್ರಂಪೆಟ್ಟಿಗೆ ಎರಡು ಹಾರ್ನ್ ಸಮ, ಒಂದು ಹಾರ್ನಿಗೆ ಎರಡು ಕ್ಲಾರಿನೆಟ್ ಸಮ. ಮೊದಲು ಸ್ಕೋರಿನಲ್ಲಿ ತೂಕ ಸರಿಮಾಡಿ, ಆಮೇಲೆ ಸ್ಲೈಡರ್ ಮುಟ್ಟಿ. ರಿವರ್ಬ್ (ಸಭಾಂಗಣದಂಥ ಅನುರಣನ) ಕೊನೆಗೆ, ಅದೂ ಸ್ವಲ್ಪವೇ.

ಮತ್ತೊಬ್ಬರು: ನಾನು ಸಿಬೇಲಿಯಸ್ ಅನ್ನೋ ಇನ್ನೊಂದು ಸ್ವರಲಿಪಿ ಸಾಫ್ಟ್‌ವೇರಿನಲ್ಲಿ ಬರೆಯೋದು, ಜೊತೆಗೆ ಸ್ಕೋರ್ ನುಡಿಸೋಕೆ ನೋಟ್‌ಪರ್ಫಾರ್ಮರ್. ಈ ನೋಟ್‌ಪರ್ಫಾರ್ಮರ್ ಒಂದು ಸೆಕೆಂಡಿನಷ್ಟು ಮುಂದಕ್ಕೆ ಓದಿಕೊಂಡು ಸಾಲನ್ನು ರೂಪಿಸುತ್ತೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಸ್ಲರ್ ಇಲ್ಲದ ಸ್ಕೋರ್ ಕೊಟ್ಟರೆ ಅದೂ ಬಿಡಿಬಿಡಿಯಾಗೇ ನುಡಿಸುತ್ತೆ.

ಪ್ರಶ್ನೆ ಕೇಳಿದವರು: ಹದಿನಾರು ಬಾರ್ ತಿದ್ದಿದೆ. ಚೆಲ್ಲೊದಲ್ಲಿದ್ದ ಗಾಂಧಾರವನ್ನು ವಿಯೋಲಾಗೆ ಕೊಟ್ಟ ಕೂಡಲೇ ಕಟ್ಟಿದ ಗಂಟಲು ಬಿಟ್ಟ ಹಾಗಾಯಿತು. ಎಲ್ಲರಿಗೂ ತುಂಬ ಥ್ಯಾಂಕ್ಸ್. ಚರಣದಲ್ಲಿ ಟ್ರಂಪೆಟ್ ಇನ್ನೂ ಫ್ಲೂಟನ್ನು ನುಂಗುತ್ತಿದೆ, ರಾತ್ರಿ ಟ್ರಂಪೆಟ್ಟಿನ ಸಾಲನ್ನು ಹಾರ್ನಿಗೆ ಬರೆದು ನೋಡ್ತೀನಿ.