ವಾರದ ಉಕ್ತಲೇಖನ: ಓದುವಾಗ ಸರಿ, ಬರೆಯುವಾಗ ತಪ್ಪು

ಮೂರನೇ ಕ್ಲಾಸಿನ ತಾಯಿ

ಮಗಳು 3ನೇ ತರಗತಿ, ಕನ್ನಡ ಮಾಧ್ಯಮ. ಸೋಮವಾರ 15 ಪದ ಕೊಡುತ್ತಾರೆ, ಶನಿವಾರ ಉಕ್ತಲೇಖನ. ಪಾಠ ತಡವರಿಸದೆ ಓದುತ್ತಾಳೆ, ಬರೆ ಎಂದರೆ ಅರ್ಧಕ್ಕರ್ಧ ತಪ್ಪು. ಈ ವಾರ ಬರೆದದ್ದು: ವಿಧ್ಯಾರ್ತಿ, ಬಾಶೆ, ಸೂಯ್ರ, ಪುಷ್ತಕ, ಸನ್ಜೆ, ಮದ್ಯಾನ. 'ಶಕ್ತಿ' ಬರೆಯುವಾಗ ಗುಡಿಸು ಎಲ್ಲಿಗೆ ಹಾಕಬೇಕೆಂದು ಗೊತ್ತಾಗದೆ ಕೈ ನಿಂತುಬಿಡುತ್ತದೆ. ಪ್ರತಿ ಪದ 10 ಸಲ ಬರೆಸಿದರೂ ಅದೇ ಕತೆ. ಸಂಜೆ ಕಾಲು ಗಂಟೆಗಿಂತ ಹೆಚ್ಚು ಕೂರಿಸಲು ಆಗುವುದಿಲ್ಲ. ಹೇಗೆ ಅಭ್ಯಾಸ ಮಾಡಿಸಲಿ?

ಕನ್ನಡ ಮೇಷ್ಟ್ರು

ಮೇಡಂ, 10 ಸಲ ಬರೆಸುವುದನ್ನು ಮೊದಲು ನಿಲ್ಲಿಸಿ. ಎರಡನೇ ಸಾಲಿನಿಂದ ಮಗು ಮೇಲಿನ ಸಾಲನ್ನೇ ನೋಡಿ ಇಳಿಸುತ್ತದೆ. ಮೊದಲ ಸಾಲು ತಪ್ಪಾದರೆ ಹತ್ತೂ ತಪ್ಪು. ಕೆಲವು ಮಕ್ಕಳು ಮೇಲಿನಿಂದ ಕೆಳಕ್ಕೆ 10 'ವಿ', ಅದರ ಪಕ್ಕ 10 'ದ್ಯಾ' ಎಂದು ಸಾಲುಸಾಲಾಗಿ ತುಂಬಿ ಮುಗಿಸುತ್ತಾರೆ. ಕೈ ಓಡುತ್ತದೆ, ಪದ ತಲೆಗೆ ಹತ್ತುವುದಿಲ್ಲ.

ಸೋಮವಾರ ಏನನ್ನೂ ಓದಿಸದೆ 15 ಪದವನ್ನೂ ಹೇಳಿ ಬರೆಸಿ. ಸರಿ ಬಂದವನ್ನು ಶುಕ್ರವಾರದವರೆಗೆ ಮುಟ್ಟಬೇಡಿ. ಉಳಿದವನ್ನು ಮಂಗಳವಾರದಿಂದ ಗುರುವಾರದವರೆಗೆ ದಿನಕ್ಕೆ ಎರಡು ಮೂರರಂತೆ ಹಂಚಿಕೊಳ್ಳಿ. ಪದವನ್ನು ಗಟ್ಟಿಯಾಗಿ ಓದಲಿ, ಎಡವುವ ಅಕ್ಷರಕ್ಕೆ ಬಣ್ಣದ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಲಿ, ಪುಸ್ತಕ ಮುಚ್ಚಿ ಬರೆಯಲಿ, ತೆರೆದು ಅಕ್ಷರಕ್ಕೆ ಅಕ್ಷರ ತಾಳೆ ನೋಡಲಿ. ತಾಳೆ ನೋಡುವುದು ಮಗುವಿನ ಕೆಲಸ, ನಿಮ್ಮದಲ್ಲ. ತಪ್ಪಿದ್ದರೆ ಆ ಒಂದು ಅಕ್ಷರ ತಿದ್ದಿಸಿ ಬಿಡಬೇಡಿ, ಮತ್ತೆ ಮುಚ್ಚಿ ಇಡೀ ಪದ ಬರೆಸಿ. ಒಂದು ಪದಕ್ಕೆ 3 ಸಲ ಸಾಕು. ಮರುದಿನ ಶುರುವಿಗೆ ನಿನ್ನೆಯವು ಒಮ್ಮೆ ಬರಲಿ. ಶುಕ್ರವಾರ ಹದಿನೈದನ್ನೂ ಕ್ರಮ ಬದಲಿಸಿ ಹೇಳಿ. ಅದೇ ಕ್ರಮದಲ್ಲಿ ಹೇಳಿದರೆ ಪಟ್ಟಿ ಬಾಯಿಪಾಠ ಆಗಿರುತ್ತದೆ, ಪದ ಆಗಿರುವುದಿಲ್ಲ.

ನೀವು ಹೇಳುವ ರೀತಿಯೂ ಮುಖ್ಯ. 'ವಿದ್... ಯಾರ್... ಥಿ' ಎಂದು ತುಂಡು ಮಾಡಿದರೆ ಹಾಗೇ ತುಂಡಾಗಿ ಬರೆಯುತ್ತಾಳೆ. ಪದ ಒಮ್ಮೆ, ಅದಿರುವ ಸಣ್ಣ ವಾಕ್ಯ ಒಮ್ಮೆ, ಮತ್ತೆ ಪದ ಒಮ್ಮೆ.

ನಲಿ ಕಲಿ ಟೀಚರ್

ಮೇಷ್ಟ್ರು ಹೇಳಿದ ಕ್ರಮ ಸರಿಯಾಗಿದೆ. ಆದರೆ ಈ ತಪ್ಪುಗಳು ಒಂದೇ ಜಾತಿಯವಲ್ಲ, ಮದ್ದೂ ಒಂದೇ ಅಲ್ಲ.

ಸೂಯ್ರ: ಬೇರೆ ಒತ್ತಕ್ಷರಗಳಲ್ಲಿ ಮೊದಲು ಕೇಳಿಸಿದ್ದು ದೊಡ್ಡಕ್ಷರ, ಆಮೇಲಿನದು ಒತ್ತು. ಅರ್ಕಾವೊತ್ತಿನಲ್ಲಿ ಮಾತ್ರ ಇದು ತಿರುಗುಮುರುಗು. ರಕಾರ ಬಾಯಲ್ಲಿ ಮೊದಲು, ಕಾಗದದಲ್ಲಿ ಕೊನೆಗೆ. ಸೂರ್ಯ, ಕಾರ್ಯ, ವರ್ಷ, ಅರ್ಥ ಒಂದು ಕಡೆ. ಚಕ್ರ, ಮಿತ್ರ, ಪುತ್ರ ಇನ್ನೊಂದು ಕಡೆ ಬರೆದು, 'ರ್ ಮೊದಲು ಕೇಳಿಸ್ತಾ, ಆಮೇಲಾ?' ಎಂದು ಕೇಳುತ್ತಾ ಹೋಗಿ.

ಶಕ್ತಿ: 'ಇ' ಕೇಳಿಸುವುದು ತಕಾರ ಆದ ಮೇಲೆ, ಗುಡಿಸು ಹತ್ತುವುದು ಮಾತ್ರ ಕಕಾರಕ್ಕೆ. ಮಗು ತಡೆಯುವುದು ಇಲ್ಲೇ. 'ಶ' ಬರೆ, 'ಕಿ' ಪೂರ್ತಿ ಬರೆ, ಆಮೇಲೆ ಕೆಳಗೆ ತ ಒತ್ತು, ಹೀಗೆ ಹೇಳಿಸುತ್ತಾ ಬರೆಸಿ. ಮುಷ್ಟಿ, ಸಂಸ್ಥೆ, ರಸ್ತೆಗೂ ಇದೇ. ಒತ್ತಿನ ಆಕಾರಗಳಲ್ಲಿ ತ, ನ, ಮ, ಯ, ರ, ಲ ಈ ಆರು ಮಾತ್ರ ಮೂಲ ಅಕ್ಷರವನ್ನು ಹೋಲುವುದಿಲ್ಲ. ಈ ಆರನ್ನು ಒಂದು ಕಾರ್ಡಿನಲ್ಲಿ ಬರೆದು ಎದುರಿಗಿಡಿ. ಉಳಿದವು ತಲೆಕಟ್ಟಿಲ್ಲದ ಪುಟ್ಟ ಅಕ್ಷರಗಳೇ.

ಪುಷ್ತಕ: ಇದಕ್ಕೆ ನಿಯಮವಿದೆ. ಟ, ಠ, ಣ ಒತ್ತಿದ್ದರೆ ಹೊಟ್ಟೆ ಸೀಳಿದ ಷ: ಕಷ್ಟ, ಶ್ರೇಷ್ಠ, ಕೃಷ್ಣ. ಚ ಒತ್ತಿದ್ದರೆ ಶ: ಪಶ್ಚಿಮ, ಆಶ್ಚರ್ಯ. ತ, ಥ ಒತ್ತಿದ್ದರೆ ಸ: ಪುಸ್ತಕ, ವಸ್ತು, ಸ್ಥಳ. ಮಾಸ್ಟರ್, ಪೋಸ್ಟ್ ಥರದ ಇಂಗ್ಲಿಷ್ ಪದ ಇದರಿಂದ ಹೊರಗೆ.

ಸನ್ಜೆ: ಮುಂದೆ ಗ, ಜ, ಟ, ದ, ಬ ಥರದ ವರ್ಗೀಯ ವ್ಯಂಜನ ಬಂದರೆ ಬಹುಪಾಲು ಸೊನ್ನೆಯೇ: ಅಂಗಡಿ, ಸಂಜೆ, ಗಂಟೆ, ಹಿಂದೆ, ಕಂಬ. ಮುಂದೆ ಮ, ಯ ಇದ್ದರೆ ಹೆಚ್ಚಾಗಿ ನಕಾರ ಉಳಿಯುತ್ತದೆ: ಜನ್ಮ, ಅನ್ಯ.

ವಿದ್ಯಾರ್ಥಿ, ಭಾಷೆ: ಇಲ್ಲಿ ಕಿವಿಯನ್ನು ನಂಬುವಂತಿಲ್ಲ. ಮನೆಮಾತಿನಲ್ಲಿ ಮಹಾಪ್ರಾಣ ಅಲ್ಪಪ್ರಾಣ ಹೆಚ್ಚಾಗಿ ಒಂದೇ ಥರ ಕೇಳಿಸುತ್ತವೆ. ಆದ್ದರಿಂದ ಬಳಗ ಕಟ್ಟಿ ಕಲಿಸಿ: ವಿದ್ಯೆ, ವಿದ್ಯಾರ್ಥಿ, ವಿದ್ಯಾಲಯ, ಭಾಷೆ, ಭಾಷಣ, ಅರ್ಥ, ಸಮರ್ಥ. ಬುದ್ಧಿ, ಶುದ್ಧ, ಯುದ್ಧ ಒಂದು ಗುಂಪು; ಇದ್ದ, ಬಿದ್ದ, ಗೆದ್ದ ಇನ್ನೊಂದು. ಅಚ್ಚಗನ್ನಡ ಪದಗಳಲ್ಲಿ ಮಹಾಪ್ರಾಣ ತೀರಾ ಅಪರೂಪ ಎಂದೂ ಹೇಳಿಕೊಡಿ. ಇಲ್ಲದಿದ್ದರೆ ಎರಡು ವಾರದಲ್ಲಿ 'ಧೊಡ್ಡ' ಶುರುವಾಗುತ್ತದೆ.

ರಬ್ಬರ್ ಬೇಡ

ಒಂದು ಸೇರಿಸುತ್ತೇನೆ. ಅಭ್ಯಾಸದ ಹೊತ್ತಿನಲ್ಲಿ ರಬ್ಬರ್ ಎತ್ತಿಡಿ. ತಪ್ಪಿಗೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಲಿ. ಅಳಿಸಿದರೆ ಟೀಚರ್ ಹೇಳಿದಂತೆ ತಪ್ಪಿನ ಜಾತಿ ಹುಡುಕಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಸ್ಲೇಟಿಗೂ ಇದೇ ಕೊರತೆ.

ಮೂರನೇ ಕ್ಲಾಸಿನ ತಾಯಿ

ತುಂಬಾ ಉಪಕಾರವಾಯಿತು. 'ಮಧ್ಯಾಹ್ನ' ಉಳಿಯಿತು. ಮನೆಯಲ್ಲಿ ಎಲ್ಲರೂ 'ಮಧ್ಯಾನ' ಎಂದೇ ಹೇಳುವುದು. ಅದನ್ನು ತಿದ್ದಬೇಕೇ?

ನಲಿ ಕಲಿ ಟೀಚರ್

ಬೇಡ, ಮಾತು ಹಾಗೇ ಇರಲಿ. ಬರೆಯುವಾಗ ಮಾತ್ರ 'ಮಧ್ಯಾ, ಹಕಾರಕ್ಕೆ ನ ಒತ್ತು' ಎಂದು ಅವಳೇ ಬಾಯಲ್ಲಿ ಹೇಳಿಕೊಳ್ಳಲಿ. ಜೊತೆಗೆ 'ಚಿಹ್ನೆ', 'ಬ್ರಹ್ಮ' ಬರೆಸಿ. ಮೂರರಲ್ಲೂ ಹ ದೊಡ್ಡಕ್ಷರ, ನ ಅಥವಾ ಮ ಒತ್ತು.