ಇಂಜೆಕ್ಷನ್ ಇಲ್ಲದ ಸ್ಕ್ಯಾನ್: ನಮ್ಮ ಮನೆ ಗುಂಪಿನಲ್ಲಿ

ದೊಡ್ಡಪ್ಪ, ಶಿರಸಿ: ಎಲ್ಲರೂ ಓದಿ. ಇಂಜೆಕ್ಷನ್ ಇಲ್ಲದೆ ಮೆದುಳಿಗೆ ಎಷ್ಟು ರಕ್ತ ಹೋಗ್ತಿದೆ ಅಂತ ಎಂಆರ್‌ಐ ತೋರಿಸುತ್ತದಂತೆ. ಅರವತ್ತು ದಾಟಿದವರು ವರ್ಷಕ್ಕೊಮ್ಮೆ ಮಾಡಿಸಬೇಕಂತೆ. ಗಾಡಿ ಮಾಡಿಕೊಂಡು ಹುಬ್ಬಳ್ಳಿಗೆ ಹೋಗೋಣ್ವಾ?

ಸತೀಶ, ಕುಮಟಾ: ಸುಳ್ಳು ದೊಡ್ಡಪ್ಪ. ಆಯಿಗೆ ಮಾಡಿಸಿದಾಗ ಕೈಗೆ ಚುಚ್ಚಿದ್ದರು. ನಾನೇ ಪಕ್ಕದಲ್ಲಿದ್ದೆ.

ವೀಣಾ: ಸುಳ್ಳಲ್ಲ ಸತೀಶಣ್ಣ. ನಾನು ದಿನಾ ಕೂರುವುದೇ ಆ ಮಷೀನಿನ ಮುಂದೆ. ಇದಕ್ಕೆ ಎಎಸ್ಎಲ್, ಅಂದರೆ ಆರ್ಟೀರಿಯಲ್ ಸ್ಪಿನ್ ಲೇಬಲಿಂಗ್ ಅಂತೀವಿ. 1992ರಿಂದಲೂ ಇದೆ. ರಕ್ತ ಕುತ್ತಿಗೆ ದಾಟುವಾಗ ಅದರಲ್ಲಿರುವ ನೀರಿಗೇ ರೇಡಿಯೋ ಅಲೆಯಿಂದ ಗುರುತು ಹಾಕುತ್ತದೆ. ಸುಮಾರು ಎರಡು ಸೆಕೆಂಡ್ ಕಾದು ಮೆದುಳಿನ ಚಿತ್ರ ತೆಗೆಯುತ್ತದೆ. ಆಮೇಲೆ ಗುರುತು ಹಾಕದೆ ಇನ್ನೊಂದು. ಒಂದರಲ್ಲಿ ಇನ್ನೊಂದನ್ನು ಕಳೆದರೆ ಉಳಿಯುವುದೇ ಆಗ ಬಂದು ಸೇರಿದ ರಕ್ತ. ವ್ಯತ್ಯಾಸ ನೂರಕ್ಕೆ ಒಂದರಷ್ಟು ಮಾತ್ರ. ಅದಕ್ಕೇ ನಾಲ್ಕೈದು ನಿಮಿಷ ಮತ್ತೆ ಮತ್ತೆ ತೆಗೆಯಬೇಕು. ತಲೆ ಅಲ್ಲಾಡಿದರೆ ಚಿತ್ರ ಕೆಡುತ್ತದೆ.

ದೊಡ್ಡಪ್ಪ: ನಾನು ಹೇಳಿದ್ದು ಸರಿಯೇ ಆಯ್ತಲ್ಲ!

ವೀಣಾ: ಅರ್ಧ ಸರಿ. ಕಿಡ್ನಿ ತೀರಾ ಕೆಟ್ಟವರಿಗೆ ಗ್ಯಾಡೋಲಿನಿಯಂ, ಅಂದರೆ ಚಿತ್ರ ಸ್ಪಷ್ಟವಾಗಿ ಕಾಣಲು ಕೊಡುವ ಔಷಧ, ಚುಚ್ಚಲು ನಮಗೂ ಹೆದರಿಕೆ. ಅವರಿಗೆ ಇದು ದೊಡ್ಡ ಉಪಕಾರ. ಆರಾಮಾಗಿರುವವರಿಗೆ ವರ್ಷ ವರ್ಷ ಯಾಕೆ?

ದೊಡ್ಡಪ್ಪ: ಮೊದಲೇ ಗೊತ್ತಾದರೆ ಒಳ್ಳೆಯದಲ್ವಾ?

ವೀಣಾ: ಆ ಗುರುತು ಕೆಲವೇ ಸೆಕೆಂಡಿನಲ್ಲಿ ಮಾಸಿಹೋಗುತ್ತದೆ ದೊಡ್ಡಪ್ಪ. ವಯಸ್ಸಾದವರಲ್ಲಿ ರಕ್ತ ತಲುಪುವುದು ತಡವಾದರೆ ಆ ಜಾಗ ಚಿತ್ರದಲ್ಲಿ ಕಪ್ಪಾಗಿ ಕಾಣಬಹುದು. ರಕ್ತ ಹೋಗ್ತಾನೇ ಇರುತ್ತದೆ. ನೀವು ಸುಮ್ನೆ ನಿದ್ದೆ ಕೆಡಿಸಿಕೊಳ್ತೀರಿ. ತಿಂಗಳಿಗೊಮ್ಮೆ ಬಿಪಿ ನೋಡಿಸಿ, ಅದು ಮುಖ್ಯ.

ಅತ್ತಿಗೆ, ಕಾರವಾರ: ಲಕ್ವ ಹೊಡೆದರೆ ಇದೇ ಸ್ಕ್ಯಾನ್ ಮಾಡಿಸಬೇಕಾ?

ವೀಣಾ: ಇದಕ್ಕಾಗಿ ಕಾಯಲೇಬೇಡಿ ಅತ್ತಿಗೆ. ಸಾಮಾನ್ಯವಾಗಿ ಮೊದಲು ಸಿಟಿ ಸ್ಕ್ಯಾನ್. ತಲೆಯೊಳಗೆ ರಕ್ತ ಸೋರಿಲ್ಲ ಅಂತಾದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ನು ಲಕ್ವ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹೋದ ಮಳೆಗಾಲದಲ್ಲಿ ಅಜ್ಜನ ಕೈಯಿಂದ ಲೋಟ ಜಾರಿತು, ಬಾಯಿ ಸೊಟ್ಟಗಾಯಿತು. ಬೆಳಗಾಗಲಿ ಅಂತ ನಾವೇ ಕೂತೆವು. ಶಿರಸಿಯಿಂದ ಹುಬ್ಬಳ್ಳಿಗೇ ಎರಡೂವರೆ ಗಂಟೆ. ಈಗ ಕವಳದ ಎಲೆಗೆ ಸುಣ್ಣ ಹಚ್ಚಲೂ ಅಜ್ಜನ ಬಲಗೈ ಏಳುವುದಿಲ್ಲ.

ಸತೀಶ: ಆಯಿಗೆ ಮುಂದಿನ ತಿಂಗಳು ಮತ್ತೆ ಸ್ಕ್ಯಾನ್ ಇದೆ. ಕಿಡ್ನಿಯ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಜಾಸ್ತಿ ಬಂದಿದೆ, ಕಿಡ್ನಿ ಸರಿ ಕೆಲಸ ಮಾಡ್ತಿಲ್ಲವೇನೋ. ಇಂಜೆಕ್ಷನ್ ಇಲ್ಲದೆ ಆಗುತ್ತಾ ಅಂತ ಕೇಳಲಾ?

ವೀಣಾ: ಖಂಡಿತ ಕೇಳು. ಎಲ್ಲ ಕಡೆ ಈ ಸೌಲಭ್ಯ ಇರುವುದಿಲ್ಲ, ಹೊರಡುವ ಮೊದಲೇ ಫೋನ್ ಮಾಡು. ನಿನ್ನ ಆಯಿಯ ಹಳೇ ರಿಪೋರ್ಟ್ ನನಗೆ ಕಳಿಸು, ಇವತ್ತೇ ನೋಡ್ತೇನೆ.

ದೊಡ್ಡಪ್ಪ: ಆ ಮೆಸೇಜನ್ನು ಊರಿನ ಗುಂಪಿಗೂ ಹಾಕಿಬಿಟ್ಟಿದ್ದೆ ಮಗಾ. ನಾಲ್ಕೂವರೆ ಗಂಟೆಯ ವಿಷಯ ನಾಲ್ಕು ಸಾಲು ಬರೆದುಕೊಡು. ಅಲ್ಲೂ ಹಾಕ್ತೇನೆ.