ತೋಟದ ಶಿಶುಪಾಲನಾ ಕೇಂದ್ರ: ಮಕ್ಕಳಿಗೆ ಅಪಾಯ ಆಗದಂತೆ ಏನು ಮಾಡಬೇಕು?

ಕೇಳಿದವರು: ಸುಂಟಿಕೊಪ್ಪ ಹತ್ತಿರದ ಕಾಫಿ ತೋಟವೊಂದರಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿದೆ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಕಟ್ಟಿಗೆ ರಾಶಿ. ಎಂಟು ತಿಂಗಳ ಕೂಸಿನಿಂದ ಐದು ವರ್ಷದವರೆಗಿನ ಮಕ್ಕಳು. ಕೊಯ್ಲು ಶುರುವಾದರೆ ಇನ್ನೂ ಜಾಸ್ತಿ ಬರುತ್ತಾರಂತೆ. ಆಸ್ಪತ್ರೆ ದೂರ. ಮೊದಲು ಏನು ಸರಿಮಾಡಲಿ? ಅನುಭವ ಇದ್ದವರು ಹೇಳಿ.

ಅಂಗನವಾಡಿ ಟೀಚರ್, ಸೋಮವಾರಪೇಟೆ ಕಡೆ: ಮಕ್ಕಳು ಬರುವ ಮುಂಚೆ ನೆಲದ ಮೇಲೆ ಕೂತು ಎರಡೂ ಕೋಣೆ ನೋಡಿ. ನಿಂತಾಗ ಕಾಣದ್ದು ಕಾಣುತ್ತದೆ. ಬೆಂಚಿನಡಿ ಉರುಳಿದ ಅಂಗಿ ಗುಂಡಿ, ಬಾಗಿಲಲ್ಲಿ ಎದ್ದ ಮೊಳೆ, ಕೈಗೆಟಕುವ ಪ್ಲಗ್ ಪಾಯಿಂಟ್.

ಆಮೇಲೆ ನೀರು. ಎಲ್ಲರೂ ತೋಟದ ಕೆರೆಗೆ ಬೇಲಿ ಹಾಕಿ ಅನ್ನುತ್ತಾರೆ, ಹಾಕಿಸಿ. ಆದರೆ ಅಂಬೆಗಾಲಿಡುವ ಮಗುವಿಗೆ ಕಾಲು ಬಕೆಟ್ ನೀರೇ ಸಾಕು. ತಲೆ ಭಾರ, ಬಗ್ಗಿದರೆ ಮುಗ್ಗರಿಸುತ್ತದೆ, ಏಳಲು ಆಗುವುದಿಲ್ಲ. ಸದ್ದೂ ಬರುವುದಿಲ್ಲ. ಬಳಸಿದ ಕೂಡಲೇ ಬಕೆಟ್ ಬೋರಲು ಹಾಕಿಬಿಡಿ. ಮಳೆಗಾಲದಲ್ಲಿ ಸೂರಿನಡಿ ಇಡುವ ಡ್ರಮ್ಮಿಗೆ ಗಟ್ಟಿ ಮುಚ್ಚಳ ಬೇಕು.

ಕಟ್ಟಿಗೆ ರಾಶಿ ಗೋಡೆಗೆ ತಾಗಿದ್ದರೆ ದೂರ ಹಾಕಿಸಿ, ಹಾವು ಸೇರಿಕೊಳ್ಳುತ್ತದೆ. ಜಿಗಣೆಗೆ ಹೆದರಬೇಡಿ. ಅದರ ವಿಷಯ ನಮಗಿಂತ ನಮ್ಮ ಮಕ್ಕಳಿಗೇ ಚೆನ್ನಾಗಿ ಗೊತ್ತು!

ಬಿಸಿ ಸಾರು ಬಡಿಸುವ ಹೊತ್ತು, ಸಂಜೆ ತಾಯಂದಿರು ಬರುವ ಹೊತ್ತು ಹುಷಾರು. ಇವಳು ನೋಡುತ್ತಿದ್ದಾಳೆ ಅಂತ ಅವಳು, ಅವಳು ನೋಡುತ್ತಿದ್ದಾಳೆ ಅಂತ ಇವಳು. ಒಳಗೆ ಹೋಗುವಾಗ ಸಹಾಯಕಿಯ ಹೆಸರು ಕರೆದು, 'ಕೂಸು ನಿನ್ನ ಹತ್ತಿರ' ಅಂತ ಹೇಳಿಯೇ ಹೋಗಿ.

ತೋಟದ ರೈಟರ್ (ಲೆಕ್ಕಪತ್ರ ಬರೆಯುವವರು), ಪಾಲಿಬೆಟ್ಟ: ನನ್ನ ದೊಡ್ಡ ಭಯ ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್. ಮಳೆಗೆ ಮುಂಚೆ ಗಿಡಗಳಿಗೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುವಾಗ ಎಲ್ಲ ಕಡೆ ಇರುತ್ತದೆ. ನೀಲಿ ಕಲ್ಲುಸಕ್ಕರೆ ಥರ ಹೊಳೆಯುತ್ತದೆ, ಮಗು ಬಾಯಿಗೆ ಹಾಕದೆ ಇರುತ್ತಾ? ಕಳೆನಾಶಕವನ್ನು ಜ್ಯೂಸ್ ಬಾಟಲಿಗೆ ಸುರಿದಿಡುವವರೂ ಇದ್ದಾರೆ. ಸ್ಟೋರಿಗೆ ಬೀಗ ಹಾಕಿಸಿ. ಸ್ಪ್ರೇ ಕ್ಯಾನ್ ಮಕ್ಕಳ ಕಡೆ ತಂದು ತೊಳೆಯಬಾರದು ಅಂತ ಮೇಸ್ತ್ರಿಗೆ ಖಡಕ್ಕಾಗಿ ಹೇಳಿ. ಮಗು ನುಂಗಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಡಬ್ಬಿ ಸಮೇತ ಆಸ್ಪತ್ರೆಗೆ ಓಡಿ.

108ಕ್ಕೆ ಫೋನ್ ಮಾಡಿ, ಸರಿ. ಆದರೆ ಜುಲೈಯಲ್ಲಿ ಮರ ಬಿದ್ದು ರಸ್ತೆ ಬಂದ್, ಕರೆಂಟ್ ಇಲ್ಲ, ಟವರ್ ಇಲ್ಲ. ಹಗಲು ತೋಟದಲ್ಲಿ ಯಾವ ಜೀಪ್ ಇರುತ್ತದೆ, ಕೀ ಎಲ್ಲಿರುತ್ತದೆ, ಓಡಿಸುವವರು ಯಾರು ಅಂತ ಈಗಲೇ ಮಾತಾಡಿಕೊಳ್ಳಿ. ಕೇಳೋಕೆ ಸಂಕೋಚ ಬೇಡ. 50 ಹೆಂಗಸರು ದುಡಿಯುವ ತೋಟದಲ್ಲಿ ಮಕ್ಕಳ ಕೇಂದ್ರ ಮಾಲೀಕರ ಹೊಣೆ ಅಂತ 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು.

ಗೋಣಿಕೊಪ್ಪದ ಅಮ್ಮ: ಕುಯ್ದ ಗಾಯಕ್ಕೆ ಕಾಫಿಪುಡಿ ಒತ್ತಿ. ರಕ್ತ ತಕ್ಷಣ ನಿಲ್ಲುತ್ತದೆ, ನಮ್ಮ ಮನೆಯಲ್ಲಿ ಅದೇ ಮದ್ದು.

ಮಕ್ಕಳ ವಾರ್ಡಿನ ನರ್ಸ್, ಮಡಿಕೇರಿ: ಅಮ್ಮ, ಬೇಜಾರು ಮಾಡಿಕೊಳ್ಳಬೇಡಿ. ಆ ಪುಡಿಯನ್ನು ಗಾಯದಿಂದ ತೆಗೆಯುವಷ್ಟರಲ್ಲಿ ಮಗು ಅತ್ತು ಅತ್ತು ಸುಸ್ತಾಗುತ್ತದೆ. ಸ್ವಚ್ಛ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ.

ಸುಟ್ಟ ಗಾಯಕ್ಕೂ ಪುಡಿ, ಪೇಸ್ಟ್, ಅರಿಶಿನ, ಐಸ್ ಯಾವುದೂ ಬೇಡ. ನಲ್ಲಿ ನೀರು 20 ನಿಮಿಷ ಬಿಡಿ. ನಮ್ಮ ಚಳಿಗೆ ಕೂಸು ನಡುಗುತ್ತದೆ, ಆದ್ದರಿಂದ ಗಾಯದ ಮೇಲೆ ಮಾತ್ರ ನೀರು, ಉಳಿದ ಮೈಗೆ ಕಂಬಳಿ. ಅಂಟಿಕೊಂಡ ಬಟ್ಟೆ ಕೀಳಬೇಡಿ.

ಗಂಟಲಿಗೆ ಸಿಕ್ಕಿಕೊಂಡರೆ: ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ಇಲ್ಲ, ತುಟಿ ನೀಲಿಯಾಗುತ್ತಿದೆ ಅಂದರೆ ಒಂದು ವರ್ಷದೊಳಗಿನ ಕೂಸನ್ನು ಮುಂದೋಳಿನ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಗೆ ಮಾಡಿ, ಎರಡು ಹೆಗಲ ಎಲುಬುಗಳ ನಡುವೆ ಅಂಗೈಯ ಬುಡದಿಂದ 5 ಸಲ ತಟ್ಟಿ. ಬರಲಿಲ್ಲವಾ? ಅಂಗಾತ ತಿರುಗಿಸಿ, ಎದೆಯ ನಡುವೆ ಎರಡು ಬೆರಳಿಂದ 5 ಸಲ ಒತ್ತಿ. ಮತ್ತೆ ಬೆನ್ನು. ದೊಡ್ಡ ಮಗುವಾದರೆ ಎದೆಯ ಬದಲು ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲಿನ ಜಾಗದಲ್ಲಿ ಒಳಗೆ-ಮೇಲಕ್ಕೆ ಒತ್ತಬೇಕು. ಕಾಣದ್ದಕ್ಕೆ ಸುಮ್ನೆ ಬೆರಳು ಹಾಕಿ ಕೆದಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಇದು ಓದಿ ಬರುವ ವಿದ್ಯೆ ಅಲ್ಲ. ಆರೋಗ್ಯ ಕೇಂದ್ರದಲ್ಲಿ ಯಾರಾದರೂ ಗೊಂಬೆ ಮೇಲೆ ತೋರಿಸುತ್ತಾರಾ ಕೇಳಿ, ಸಹಾಯಕಿಯನ್ನೂ ಕರೆದುಕೊಂಡು ಹೋಗಿ. ಇಡೀ ಕಡಲೆಬೀಜ ಸಣ್ಣ ಮಕ್ಕಳಿಗೆ ಬೇಡವೇ ಬೇಡ.

ಹಾವು ಕಚ್ಚಿದರೆ ಕಟ್ಟಬೇಡಿ, ಕುಯ್ಯಬೇಡಿ. ಕೈಕಾಲು ಅಲ್ಲಾಡಿಸದೆ ಎತ್ತಿಕೊಂಡು ಹೊರಡಿ. ತಲೆಗೆ ಪೆಟ್ಟಾಗಿ ಮತ್ತೆ ಮತ್ತೆ ವಾಂತಿ, ಮಂಕು ಅಥವಾ ಫಿಟ್ಸ್ ಬಂದರೆ ಕಾಯಬೇಡಿ.

ಅಂಗನವಾಡಿ ಟೀಚರ್: ಒಂದು ಮರೆತೆ. ಒಂದು ನೋಟ್‌ಬುಕ್ ಇಡಿ. ಸಣ್ಣ ತರಚು ಗಾಯವಾದರೂ ಹೊತ್ತು, ಜಾಗ, ಏನು ಮಾಡಿದಿರಿ ಅಂತ ಬರೆದು, ಅವತ್ತು ಸಂಜೆಯೇ ತಾಯಿಗೆ ಹೇಳಿ. ಮನೆಗೆ ಹೋಗಿ ಸ್ನಾನ ಮಾಡಿಸುವಾಗ ಅವಳಿಗೇ ಗೊತ್ತಾದರೆ ಮತ್ತೆ ನಂಬುವುದಿಲ್ಲ. ಈಗ ಕಾರ್ಮಿಕರ ಲೈನ್ ಮನೆಗಳಲ್ಲಿ ಅಸ್ಸಾಂ ಕಡೆಯವರು ಜಾಸ್ತಿ ಅಲ್ವಾ? ಅವರ ಭಾಷೆ ಬರುವ ಒಬ್ಬರ ನಂಬರ್ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ.